ತೂಕವನ್ನು ಕಿವಿಯಲ್ಲಿ ಹೇಳಿಸಿದ ಲವೀನಕ್ಕ

ಬೆಳಿಗ್ಗೆ ಅಟ್ಲಾಂಟಾದಿಂದ ಲವೀನಕ್ಕನ ಮಗಳು ಶರನ್ ಫೋನ್ ಮಾಡಿದಳು.
"ಆಂಟಿ... ಮಮ್ಮಾ ಈಸ್ ಗಾನ್."
ನಾನು "ಎಲ್ಲಿಗೆ?" ಅಂತ ಕೇಳಿದೆ...
ಲವೀನಕ್ಕ ಹೋದರು ಅಂದರೆ ಏರ್‌ಪೋರ್ಟಿಗೆ ಹೋದರು ಅಂತಲೇ ನನಗೆ ಅಭ್ಯಾಸ.

ಇನ್ನೂ ನಂಬಿಕೆ ಬರುತ್ತಿಲ್ಲ.
ಹೋದ ವಾರವಷ್ಟೇ ಮಾತಾಡಿದ್ದೆವು.
"ಫೋರ್ಟ್ ಮಿಲ್‌ನ ನಿನ್ನ ಮನೆಗೆ ಬರ್ತೇನೆ. ನಿನ್ನ ಆ ದಪ್ಪ ದೋಸೆ ಬೇಡ ಮಾರಾಯ್ತಿ, ಅನ್ನ ಸಾರು ಸಾಕು" ಅಂದಿದ್ದರು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ...
ಲವೀನಕ್ಕ ಮಂಗಳೂರಿನ ನರ್ಸ್.
ತೊಂಬತ್ತರ ದಶಕದಲ್ಲಿ ಅಟ್ಲಾಂಟಾದ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ಇಬ್ಬರೂ ಒಟ್ಟಿಗಿದ್ದೆವು.
ನಾನು ಕಂಪ್ಯೂಟರ್ ಮುಂದೆ.
ಅವರು ವರ್ಷದ ಅರ್ಧ ಆಫ್ರಿಕಾದ ಮಲಾವಿಯ ಹಳ್ಳಿಗಳಲ್ಲಿ.

ಕೆಲಸ ಕೇಳೋಕೆ ಸುಲಭ.
ತಿಂಗಳಿಗೊಮ್ಮೆ ಊರಿನ ಪುಟ್ಟ ಮಕ್ಕಳನ್ನೆಲ್ಲ ತೂಗುವುದು.
ಮರದ ಕೊಂಬೆಗೆ ತಕ್ಕಡಿ, ಅದಕ್ಕೆ ಚಡ್ಡಿಯಂಥ ಒಂದು ಚೀಲ, ಅದರೊಳಗೆ ಮಗು.
ತೂಕ ಇಳಿಯುತ್ತಿರುವ ಮಗುವನ್ನು ಬೇಗ ಗುರುತಿಸಿದರೆ ಉಳಿಸಿಕೊಳ್ಳಬಹುದು.

ನಮ್ಮ ಟೀಮಿನವರು ಒಳ್ಳೆಯವರು... ಆದರೆ ಅಮೆರಿಕದವರು ನೋಡಿ.
ತೂಕ ಏರಿದರೆ ಎಲ್ಲರಿಗೂ ಕೇಳುವಂತೆ ನಂಬರ್ ಕೂಗಿ, ತಾಯಿಗೆ "ಗುಡ್ ಜಾಬ್" ಅಂತ ಚಪ್ಪಾಳೆ.
ಲವೀನಕ್ಕನೂ ಜೊತೆಗೆ ಜೋರಾಗಿ ತಟ್ಟಿದವರೇ.

ತಾಯಂದಿರು ಬರುವುದನ್ನು ನಿಲ್ಲಿಸಿದರು.
ವಾಷಿಂಗ್ಟನ್ನಿನ ಹೆಡ್ ಆಫೀಸಿನವರು, ಊರಿನವರಿಗೆ ಇಂಟರೆಸ್ಟ್ ಇಲ್ಲ, ಪ್ರೋಗ್ರಾಂ ಮುಚ್ಚೋಣ ಅಂದರು.

ಆ ಭಾನುವಾರ ಲವೀನಕ್ಕ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು.
ಮೈಸೂರಿನಿಂದ ನನ್ನ ಅಮ್ಮನೂ ಬಂದಿದ್ದ ಹೊತ್ತು.
ಪಕ್ಕದ ಅಪಾರ್ಟ್‌ಮೆಂಟಿನಾಕೆ ನನ್ನ ಮಗಳನ್ನು ಎತ್ತಿಕೊಂಡು, ಅಬ್ಬಾ ಎಷ್ಟು ಗುಂಡಗಿದ್ದಾಳೆ, ಎಷ್ಟು ಪೌಂಡ್ ಅಂತ ಕೇಳಿದಳು.
ಅಮ್ಮ ನಕ್ಕರು, ಉತ್ತರ ಕೊಡಲಿಲ್ಲ.
ಆಕೆ ಹೋದದ್ದೇ ತಡ, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದರು.
ಸ್ಮೋಕ್ ಅಲಾರಂ ಬಡಿದುಕೊಂಡಿತು.
ನಾವೆಲ್ಲ ಕಿಟಕಿ ತೆಗೆಯಲು ಓಡಿದರೆ ಲವೀನಕ್ಕ ಮಾತ್ರ ತಟ್ಟೆ ಮುಂದಿನಿಂದ ಏಳದೆ ಹೇಳಿದರು.

"ನಾವು ಅಲ್ಲಿ ಮಕ್ಕಳ ತೂಕ ಮೈಕಿನಲ್ಲಿ ಹೇಳಿದ ಹಾಗೆ ಹೇಳ್ತಿದ್ದೆವಲ್ಲ ಮಾರಾಯ್ತಿ... ನನ್ನ ಶರನ್ನಿನ ತೂಕ ನಾನು ಯಾರಿಗಾದ್ರೂ ಹೇಳಿದ್ದುಂಟಾ?"

ಹಾಗಂತ ಅಲ್ಲಿಯ ತಾಯಂದಿರೂ ನಮ್ಮ ಹಾಗೆಯೇ ಇರಬೇಕು ಅಂತ ತೀರ್ಮಾನ ಮಾಡಿ ಕೂರಲಿಲ್ಲ.
ಹೋಗಿ ಕೇಳಿದರು.
ಊರಿನ ಹೆಲ್ತ್ ವರ್ಕರ್ ಗ್ರೇಸ್ ಜೊತೆ ಒಂದೊಂದೇ ಮನೆಯ ಒಲೆ ಮುಂದೆ ಕೂತು ಕೇಳಿದರು.
ಮಗು ಚೆನ್ನಾಗಿದ್ದರೆ ಯಾರ ಕಣ್ಣು ಬೀಳುತ್ತದೋ ಅಂತ ಭಯ.
ಸೊರಗಿದ್ದರೆ ಎಲ್ಲರೆದುರು ಮಾನ ಹೋಗುತ್ತದೆ.
ಅದಕ್ಕೇ ಬರುತ್ತಿಲ್ಲ ಅಂದರು ತಾಯಂದಿರು.

ತಕ್ಕಡಿ ಮರದಿಂದ ಇಳಿದು ಒಬ್ಬ ಅಗೋಗೋ ಮನೆಯೊಳಗೆ ಹೋಯಿತು.
ಅಗೋಗೋ ಅಂದರೆ ಅಲ್ಲಿಯ ಮಾತಿನಲ್ಲಿ ಅಜ್ಜಿ.
ಒಬ್ಬೊಬ್ಬರೇ ಒಳಗೆ... ತೂಕ ತಾಯಿಯ ಕಿವಿಯಲ್ಲಿ ಮಾತ್ರ... ಚಪ್ಪಾಳೆ ಬಂದ್.

ಬಂದರು...
ಅದುವರೆಗೆ ಮನೆಯಲ್ಲೇ ಮುಚ್ಚಿಟ್ಟಿದ್ದ ಸೊರಗಿದ ಕೂಸುಗಳನ್ನೂ ಎತ್ತಿಕೊಂಡು ಬಂದರು.

ಲವೀನಕ್ಕಾ...
ಆಮೇಲೆ ವಾಷಿಂಗ್ಟನ್ ಮೀಟಿಂಗಿಗೆ ಹೋದದ್ದು ನೆನಪಿದೆಯಾ.
ನಿಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ.
ಕೆಲಸ ಹೋದರೆ ಶರನ್‌ಳನ್ನು ಕರೆದುಕೊಂಡು ವಾಪಸ್ ಮಂಗಳೂರಿಗೆ.
ನಾನು ನಿಮ್ಮ ಕೋಟಿನ ತೋಳು ಎಳೆದು "ಸುಮ್ನಿರಿ ಅಕ್ಕ" ಅಂದೆ.
ನೀವೆಲ್ಲಿ ಸುಮ್ಮನಿರುವವರು.

ದೊಡ್ಡ ಸಾಹೇಬರು ಕೇಳಿದರು, ಡೋನರ್‌ಗಳಿಗೆ ತೋರಿಸೋಕೆ ಫೋಟೋ ಎಲ್ಲಿ... ಜನ ಸೇರಿದ್ದು, ಮಕ್ಕಳನ್ನು ತೂಗುತ್ತಿರುವುದು...
ನೀವು ನೆಟ್ಟಗೆ ಕೂತು ಹೇಳಿದಿರಿ.
ಫೋಟೋ ಇಲ್ಲ, ತೆಗೆಯುವುದೂ ಇಲ್ಲ. ಮಕ್ಕಳಿದ್ದಾರೆ. ಬಂದು ನೋಡಿ. ಇದನ್ನು ಮುಚ್ಚುವುದಾದರೆ ನನ್ನನ್ನೂ ಇವತ್ತೇ ತೆಗೆದುಹಾಕಿ.


ಪ್ರೋಗ್ರಾಂ ಮುಚ್ಚಲಿಲ್ಲ.
ಅಕ್ಕಪಕ್ಕದ ಹಳ್ಳಿಗಳೂ ನಿಮ್ಮ ದಾರಿ ಹಿಡಿದವು. ರಿಪೋರ್ಟಿನಲ್ಲಿ ನಿಮ್ಮ ಹೆಸರಿರಲಿಲ್ಲ ಅಂತ ನಾನು ಕುದಿದೆ, ನೀವು ನಕ್ಕಿರಿ.
ಇರಲಿ... ಆ ಟೇಬಲ್ಲಿನಲ್ಲಿ ನಿಮ್ಮ ಪಕ್ಕದ ಕುರ್ಚಿ ನನ್ನದಾಗಿತ್ತು. ಆ ಹೆಮ್ಮೆ ನನಗೆ ಸಾಯುವವರೆಗೂ ಸಾಕು.

ಇವತ್ತು ಮಧ್ಯಾಹ್ನ ಶರನ್ ಮತ್ತೆ ಫೋನ್ ಮಾಡಿದಳು.
ಮಲಾವಿಯಿಂದ ಗ್ರೇಸ್ ಮೆಸೇಜ್ ಬಂದಿದೆಯಂತೆ. ಗ್ರೇಸ್ ಈಗ ಸ್ವತಃ ಅಗೋಗೋ.
ನಾಳೆ ಅಲ್ಲಿ ತೂಗುವ ದಿನ. ಸುದ್ದಿ ಕೇಳಿ ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದಾರೆ... ನಾಳೆಯದನ್ನು ನಿಲ್ಲಿಸಬೇಕಾ ಅಂತ ಕೇಳಿದ್ದಾಳೆ.
"ವಾಟ್ ಡು ಐ ಟೆಲ್ ಹರ್, ಆಂಟಿ?"

"ನಿಲ್ಲಿಸ್ಬೇಡಿ ಅಂತ ಬರಿ ಪುಟ್ಟಾ. ನಿಲ್ಲಿಸಿದ್ರೆ ಮಮ್ಮಾ ಬೈತಾರೆ."

ನಾಳೆ ಬೆಳಿಗ್ಗೆ ಅಲ್ಲಿ ಮಕ್ಕಳನ್ನು ತೂಗುತ್ತಾರೆ.

ನೆಮ್ಮದಿಯಾಗಿ ಹೋಗಿ ಲವೀನಕ್ಕ...
ನಿಮ್ಮ ದೇವರು ನಿಮ್ಮ ಆತ್ಮವನ್ನು ತಣ್ಣಗೆ ಇಟ್ಟುಕೊಳ್ಳಲಿ. 🙏