ಟ್ಯಾಂಕಿ ಟೀಚರ್

ನಿವೃತ್ತ ಹೆಡ್‌ಮೇಡಂ ಜಲಜಮ್ಮ ಯಾವ ಶಾಲೆಗೆ ಕಾಲಿಟ್ಟರೂ ಮೊದಲು ಕತ್ತೆತ್ತಿ ಹೆಂಚಿನ ಮಾಡು ನೋಡುತ್ತಾರೆ. “ಮಳೆಗಾಲವಿಡೀ ಇಷ್ಟು ನೀರನ್ನ ಹೊಳೆಗೆ ಬಿಟ್ಟು, ಬೇಸಿಗೇಲಿ ಮಕ್ಕಳ ಹತ್ರ ಬಾಟಲಿ ತರಿಸ್ತೀರಲ್ಲ ಮೇಷ್ಟ್ರೇ!” ಎಂದು ಗದರಿ, ಮಳೆನೀರಿನ ಟ್ಯಾಂಕಿಗೂ ಸೋಲಾರ್ ದೀಪಕ್ಕೂ ಅಲ್ಲೇ ಕೂತು ಸರ್ಕಾರಕ್ಕೆ ಅರ್ಜಿ ಬರೆಸುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಚೇರಿಗಳಲ್ಲಿ ಅವರ ಕೊಡೆ ಬಾಗಿಲಲ್ಲಿ ಕಂಡರೆ ಸಾಕು, ಗುಮಾಸ್ತರಿಗೆ ಬೆಳಿಗ್ಗೆಯೇ ಊಟದ ಹೊತ್ತಾಗುತ್ತದೆ. “ಅನುದಾನ ಬರುತ್ತೆ, ನೀವು ಹೋಗಿ ಮೇಡಂ” ಎಂದರೆ, “ಬರ್ಲಿ, ಕೂತಿರ್ತೀನಿ” ಎಂದು ಬೆಂಚಿನ ಮೇಲೆ ಹೂಬತ್ತಿ ಹೊಸೆಯತೊಡಗುತ್ತಾರೆ. ಹಾಗೆ ಹೊಸೆದ ಬತ್ತಿ ಮೂರು ತಾಲ್ಲೂಕಿನ ದೇವರುಗಳಿಗೂ ಸಾಲುತ್ತದೆ ಎಂದು ಗುಮಾಸ್ತರೇ ನಗುತ್ತಾರೆ. ಟ್ಯಾಂಕಿ ಟೀಚರ್ ಎಂದು ಹೆಸರಿಟ್ಟವರೂ ಅವರೇ. ಆದರೆ ಸಾಗರ ತಾಲ್ಲೂಕಿನ ಹೊಳೆಬಾಗಿಲಿನ ಹತ್ತಿರ ಜಲಜಮ್ಮ ಬದುಕಿಡೀ ಕಲಿಸಿದ ಶಾಲೆಗೆ ಟ್ಯಾಂಕಿ ಬಂದದ್ದು ಅವರ ನೌಕರಿಯ ಕೊನೆಯ ವರ್ಷ; ಮರುವರ್ಷ ಮಕ್ಕಳೇ ಸೇರದೆ ಶಾಲೆಗೆ ಬೀಗ ಬಿತ್ತು. ಈಗಲೂ ಮಳೆ ಹಿಡಿಯುವ ಮುಂಚೆ ಒಬ್ಬರೇ ಹೋಗಿ ಅಲ್ಲಿನ ಪೈಪಿನ ತರಗೆಲೆ ತೆಗೆದು ಬರುತ್ತಾರೆ. ಕಳೆದ ಆಷಾಢದ ಮಳೆಯಲ್ಲಿ ಮತ್ತೊಮ್ಮೆ ಹೋದಾಗ ಟ್ಯಾಂಕಿ ತುಂಬಿ ಚೆಲ್ಲುತ್ತಿತ್ತು. ನಲ್ಲಿ ತಿರುಗಿಸಿ ನೋಡಿದರು. ನೀರು ಭರ್ರನೆ ಬಂದದ್ದೇ ತಡ, ಖಾಲಿ ಜಗಲಿಯ ಕಡೆ ತಿರುಗಿ, “ನೂಕಾಡ್ಬೇಡಿ, ಸಾಲಾಗಿ ಬನ್ನಿ” ಎಂದುಬಿಟ್ಟರು.