ಅವ್ವನ ಹೆಸರಿನಲ್ಲಿ ಹೇಳಿದ ಸುಳ್ಳು

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕ ಹಗರಿಬೊಮ್ಮನಹಳ್ಳಿಯಲ್ಲಿ ಹೊಲಿಗೆ ಟೀಚರ್ ಆಗಿದ್ದಳು. ಸ್ಟೇಷನ್ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ, ಜೊತೆಗೆ ಒಬ್ಬ ನರ್ಸಮ್ಮ. ನಾವು ಕೂಡ್ಲಿಗಿಯವರು. ನಾನು ಪಿಯುಸಿ ಮುಗಿಸಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದೆ.

ಒಮ್ಮೆ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದೆ. ನರ್ಸಮ್ಮ ಡ್ಯೂಟಿ ಮುಗಿಸಿ ಬಂದರೆ ಅಕ್ಕ ಕಾಲಿಗೆ ಬಿಸಿನೀರು ತಂದಿಡುತ್ತಿದ್ದಳು. ಆಕೆ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬಂದ ಸಂಬಂಧಗಳನ್ನೆಲ್ಲ ಯಾಕೆ ಬೇಡವೆನ್ನುತ್ತೀ ಎಂದು ಕೇಳಿದೆ. ಅಕ್ಕ ಮುಚ್ಚುಮರೆ ಮಾಡಲಿಲ್ಲ.

"ನನಗ ಈಕಿ ಅದಾಳಲ್ಲೋ. ಗಂಡ ಅನ್ನಾಂವ ಬೇಕಾಗಿಲ್ಲ. ನಿನಗ ಅಂತ ಹೇಳೀನಿ, ಮನ್ಯಾಗ ಬಾಯಿ ಬಿಡಬ್ಯಾಡ."

ಮನೆಗೆ ಬಂದ ಮೂರನೇ ದಿನವೇ ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಕೂಗಾಡಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದ, "ಈಗ ಏನ್ ಮಾಡೋಣಲೇ?" ಅಪ್ಪ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ನಾನು ದೊಡ್ಡವನಾದೆ ಎಂದು ಒಳಗೊಳಗೇ ಹಿಗ್ಗಿದೆ. ಅವ್ವನಿಗೆ ಆರಾಮಿಲ್ಲ ಎಂದರೆ ಅಕ್ಕ ಬಂದೇ ಬರುತ್ತಾಳೆ ಎಂದು ಉಪಾಯ ಹೇಳಿದವನೂ ನಾನೇ.

ನಾನು ಹೋಗಿ ಸುದ್ದಿ ಹೇಳಿದಾಗ ಅಕ್ಕ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದಳು. ನರ್ಸಮ್ಮ ಗ್ಲುಕೋಸ್ ಡಬ್ಬಿ ತಂದು ನನ್ನ ಚೀಲಕ್ಕೆ ಹಾಕಿದಳು. "ನೀರು ಕಾಸಿ ಆರ್ಸಿ, ಇದನ್ನ ಕಲಸಿ ಸಣ್ಣಗ ಕುಡಿಸಪ್ಪ. ನಾನೂ ಬರ್ಲೇನು? ಸೂಜಿ ಮಾಡಾಕ ಯಾರಾರ ಬೇಕಾಗತೈತಿ."

"ಬ್ಯಾಡ್ರಿ, ಅಲ್ಲೇ ಡಾಕ್ಟರ್ ಅದಾರ" ಎಂದೆ.

ಬಸ್ಸಿನಲ್ಲಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. "ಮಾತಾಡ್ತಾಳೇನ್ಲೇ? ಗುರುತು ಹಿಡಿತಾಳೇನು?" ಎಂದು ಮತ್ತೆ ಮತ್ತೆ ಕೇಳಿದಳು. ನಾನು ಹೂಂ ಎನ್ನುತ್ತಾ ಕಿಟಕಿಯ ಆಚೆ ನೋಡುತ್ತಿದ್ದೆ. ಮನೆಗೆ ಬಂದಾಗ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. "ಯವ್ವಾ, ಯಾವಾಗ ಬಂದಿ?" ಎಂದು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅಕ್ಕ ಅವ್ವನ ಹಣೆ ಮುಟ್ಟಿ ನೋಡಿ, ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹದಿನೈದು ದಿನ ಅವಳನ್ನು ಹೊರಗೆ ಬಿಡಲಿಲ್ಲ. ಹರಪನಹಳ್ಳಿಯ ಕಡೆಯಿಂದ, ಹೆಂಡತಿ ತೀರಿಹೋಗಿದ್ದ ಒಬ್ಬ ವ್ಯಾಪಾರಿ ತನ್ನ ಹಿರಿಯರೊಂದಿಗೆ ನೋಡಲು ಬಂದ. ಅವರು ಅವಲಕ್ಕಿ ತಿನ್ನುತ್ತಿದ್ದಾಗ ಅಕ್ಕ ಎದುರಿಗೆ ಬಂದು ನಿಂತಳು. "ತಪ್ಪು ತಿಳಿಬ್ಯಾಡ್ರಿ. ನಾನು ಆಗ್ಲೇ ಒಬ್ಬಾಕಿ ಜೋಡಿ ಬಾಳೇವು ಮಾಡಾಕತ್ತೀನಿ. ನಿಮ್ಮನಿಗೆ ಬಂದು ನಿಮಗ ಮೋಸ ಮಾಡಾಕ ಆಗಂಗಿಲ್ರಿ."

ಅವರು ಮೊದಲು ನಕ್ಕರು. ಅವಳ ಮುಖ ನೋಡಿ ತಟ್ಟೆ ಕೆಳಗಿಟ್ಟು ಎದ್ದುಹೋದರು. ಅಪ್ಪ ಅವಳ ಚೀಲವನ್ನು ಬೀದಿಗೆ ಎಸೆದ. "ಇನ್ನ ಈ ಹೊಸ್ತಿಲ ತುಳಿಬ್ಯಾಡ."

ಅವ್ವ ನನ್ನ ತೋಳು ಹಿಡಿದು, "ಒಬ್ಬಾಕಿನ ಹೊಂಟಾಳ, ಬಸ್ಸರ ಹತ್ತಿಸಿ ಬಾರೋ" ಎಂದಳು. ಕಟ್ಟೆಯ ಮೇಲೆ ಓಣಿಯ ಜನ ಕೂತಿದ್ದರು. ನಾನು ಹೋಗಲಿಲ್ಲ.

ನರ್ಸಮ್ಮನಿಗೆ ಹರಪನಹಳ್ಳಿಯ ಆಚೆಯ ಹಲವಾಗಲಿಗೆ ವರ್ಗವಾಯಿತು. ಅಕ್ಕ ಕೆಲಸ ಬಿಟ್ಟು ಅವಳೊಡನೆ ಹೋಗಿ, ಮನೆಯಲ್ಲೇ ಮಿಷನ್ ಇಟ್ಟುಕೊಂಡಳು. ಅವ್ವ ಒಂದು ಸಲ, ತವರಿಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿ, ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದಳು. ನನಗೊಬ್ಬನಿಗೇ ಹೇಳಿದಳು: "ಇಬ್ರೂ ಚಲೋ ಅದಾರ. ಆ ನರ್ಸಮ್ಮ ನನ್ನ ಕಾಲು ಒತ್ತಿದ್ಲು ನೋಡೋ, ಸೊಸಿ ಒತ್ತಿದಂಗ."

ನಾನು ಹೋಗಲು ಆರು ವರ್ಷ ಬೇಕಾಯಿತು. ಮದುವೆಯಾದ ಮೇಲೆ ಹೆಂಡತಿಗೆ ಎಲ್ಲ ಹೇಳಿದ್ದೆ. ನಡಿ ಎಂದು ಎಬ್ಬಿಸಿದವಳು ಅವಳೇ. ನರ್ಸಮ್ಮ ಬಾಗಿಲು ತೆರೆದು, "ಬರ್ರಿ, ಬಿಸಲಾಗ ಬಂದೀರಿ" ಎಂದು ಮಜ್ಜಿಗೆ ಕೊಟ್ಟಳು. ಅಕ್ಕ ಮಿಷನ್ ತುಳಿಯುತ್ತಲೇ ಇದ್ದಳು. ನಾನು ತಪ್ಪಾಯಿತು ಎಂದೆ. ಅವಳು ದಾರ ಕತ್ತರಿಸಿದಳು.

"ಅಪ್ಪ ಸಿಟ್ಟಿನಾಗ ಹೊರಗ ಹಾಕಿದ. ಅದು ನನಗ ತಿಳಿತೈತಿ. ನೀನು ಬಸ್ಸಿನಾಗ ಎರಡು ತಾಸು ನನ್ನ ಮಗ್ಗಲದಾಗ ಕುಂತಿದ್ದೆಲ್ಲೋ, ನಾ ಅಳೋದು ನೋಡಿಕೋಂತ. ಅದು ಹೆಂಗ ಮಾಡಿದಿ?"

ಅಕ್ಕ ಮಿಷನ್ ಬಿಟ್ಟು ಎದ್ದಳು. ಊಟಕ್ಕೆ ಬಡಿಸಿದಳು. ಹೆಂಡತಿಯನ್ನು ಒಳಗೆ ಕರೆದು ಜಂಪರಿಗೆ ಅಳತೆ ತಗೊಂಡಳು.

ಸಂಜೆ ಕೂಡ್ಲಿಗಿಯಲ್ಲಿ ಇಳಿದು ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿದ್ದ. "ಎಲ್ಲಿಗೆ ಹೋಗಿದ್ರಿ?" ಎಂದ.

"ಹರಪನಹಳ್ಳಿಗೆ, ಸರಕು ನೋಡಾಕ" ಎಂದೆ.

ಹೆಂಡತಿ ನನ್ನ ಮುಖ ನೋಡಿ ಒಳಗೆ ಹೋದಳು. ಆಮೇಲೂ ಅಪ್ಪ ನಾಲ್ಕು ವರ್ಷ ಬದುಕಿದ್ದ. ಹಲವಾಗಲಿಗೆ ಹೋದಾಗಲೆಲ್ಲ ನಾನು ಹರಪನಹಳ್ಳಿಯ ಹೆಸರನ್ನೇ ಹೇಳಿದೆ.