ಬಸ್ಸಿನ ಬೆನ್ನು ಬಿಡದ ಭಾವನ ಕಾರು

ಸ್ನೇಹಿತರೇ, ಇವತ್ತು ಭಾವನ ಹೊಸ ಕಾರಿನಲ್ಲಿ ಕಾರ್ಕಳದ ಮದುವೆಗೆ ಹೊರಟೆ. ಮುಂದಿನ ವಾಹನ ನಿಧಾನವಾದರೆ ಈ ಕಾರೂ ತಾನಾಗಿ ನಿಧಾನವಾಗುತ್ತದೆ, ನಿಂತರೆ ನಿಲ್ಲುತ್ತದೆ. ಹಿರಿಯಡ್ಕದಲ್ಲಿ ನಮ್ಮ ಮುಂದೆ ಸಿಕ್ಕಿದ್ದು ಸರ್ವಿಸ್ ಬಸ್ಸು. ಕೈ ತೋರಿಸಿದವರಿಗೆಲ್ಲ ಅದು ನಿಂತಿತು. ಹಿಂದೆ ನಾವೂ ನಿಂತೆವು.

"ಓವರ್‌ಟೇಕ್ ಮಾಡಿ ಭಾವ, ಮುಹೂರ್ತ ತಪ್ತದೆ!"

"ಸುಮ್ನಿರು ಮಾರಾಯ. ಪೆಟ್ರೋಲ್ ಉಳಿಸ್ಲಿಕ್ಕೆ ಈ ಕಾರಿಗೇ ಗೊತ್ತುಂಟು."

ಬೈಲೂರಿನಲ್ಲಿ ಬಸ್ಸು ಹತ್ತಲು ಜಾಗ ಸಿಗದ ಅಜ್ಜಿಯೊಬ್ಬರು ನಮ್ಮ ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟರು. ಕಂಡಕ್ಟರ್ ಇಳಿದು ಬಂದು, ಬೇರೆ ಬಸ್ಸಿನವರ ಜೊತೆ ಜಗಳವಾಡುವ ಧಾಟಿಯಲ್ಲೇ ಭಾವನಿಗೆ ಜೋರು ಮಾಡಿದ: "ನಿಮ್ಮ ಟೈಮಿಂಗ್ ಎಷ್ಟು ಗಂಟೆಗೆ ಮಾರಾಯ್ರೆ? ನಮ್ಮ ಪ್ಯಾಸೆಂಜರನ್ನು ನೀವು ಎಂತಕ್ಕೆ ಹತ್ತಿಸುದು?"

ಮುಹೂರ್ತ ಹೋಯಿತು, ಊಟ ಸಿಕ್ಕಿತು. ಭಾವನ ಪ್ರಕಾರ ಮೈಲೇಜು ಮಾತ್ರ ಭಾರೀ ಬಂದಿದೆ. ಇನ್ನು ಕಾರಿಗೆ ಬಸ್ಸಿನ ಪರ್ಮಿಟ್ ಒಂದು ಮಾಡಿಸಿದರಾಯಿತು.